ದೊಡ್ಡಮ್ಮನ ಫ್ರಿಜ್ಜಿನಲ್ಲಿ ರಂಗಕ್ಕನ ಸೀಸೆ

ನಾನು ಮುಂಗೋಪಿ ಅನ್ನುವುದು ಚಳ್ಳಕೆರೆಯ ನಮ್ಮ ಆಸ್ಪತ್ರೆಯಲ್ಲಿ ಕಾಂಪೌಂಡಿನ ಬೇವಿನ ಮರಕ್ಕೂ ಗೊತ್ತು. ಮೆಡಿಕಲ್ ಕಾಲೇಜಿನಿಂದ ಗ್ರಾಮಾಂತರ ಡ್ಯೂಟಿಗೆಂದು ಬರುವ ಹೌಸ್ ಸರ್ಜನ್ ಮಕ್ಕಳಿಗೆ ಹಿಂದಿನ ಬ್ಯಾಚಿನವರು ಮೊದಲೇ ಕಿವಿಯೂದಿ ಕಳಿಸಿರುತ್ತಾರೆ. ಜಗದಾಂಬ ಮೇಡಂ ಏನಾದರೂ ಕೇಳಿದರೆ, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅಂದುಬಿಡಿ, ಬಾಯಿಗೆ ಬಂದದ್ದು ಹೇಳಿದಿರೋ ಚರ್ಮ ಸುಲಿದುಬಿಡ್ತಾರೆ, ಎಂದು. ಇನ್ನೊಂದನ್ನೂ ಹೇಳಿರುತ್ತಾರೆ: ರೋಗಿಗಳು ಪ್ರೀತಿಯಿಂದ ಏನೇ ತಂದುಕೊಟ್ಟರೂ, ಒಂದು ನಿಂಬೆಹಣ್ಣೇ ಆದರೂ, ಮೇಡಂ ಎದುರಿಗೆ ಮುಟ್ಟಬೇಡಿ. ಎರಡೂ ನಿಜ.

ನಾನು ಕೇಳುವುದೇನೂ ಕಷ್ಟದ ಪ್ರಶ್ನೆಯಲ್ಲ. ರೋಗಿಯನ್ನು ಮನೆಗೆ ಕಳಿಸುವ ಚೀಟಿಗೆ ಸಹಿ ಹಾಕುವ ಮುಂಚೆ, ಇವರ ಮನೆಯಲ್ಲಿ ಅಡುಗೆ ಯಾರು ಮಾಡ್ತಾರೆ ಎಂದು ಕೇಳುತ್ತೇನೆ. ನೀನು ವಿಶ್ರಾಂತಿ ಅಂತ ಬರೆದಿದ್ದೀಯಲ್ಲ, ಇವರು ಮಲಗಿಬಿಟ್ಟರೆ ಕುರಿ ಬಿಡೋರು ಯಾರು ಎಂದು ಕೇಳುತ್ತೇನೆ. ಬಾಯಿ ತಿರುಗದ ಕಾಯಿಲೆಗಳ ಹೆಸರನ್ನು ನಿದ್ದೆಗಣ್ಣಲ್ಲೂ ಹೇಳುವ ಮಕ್ಕಳು ಇಲ್ಲಿಗೆ ಬಂದರೆ ತಡವರಿಸುತ್ತವೆ. ಪಾಪ, ಅವಕ್ಕೆ ಇದನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ. ಅದಕ್ಕೇ ನಾನೊಂದು ಪದ್ಧತಿ ಮಾಡಿಟ್ಟಿದ್ದೇನೆ. ಬಂದ ವಾರದಲ್ಲೇ ಒಬ್ಬೊಬ್ಬರಿಗೂ ಒಬ್ಬ ರೋಗಿಯನ್ನು ಒಪ್ಪಿಸುತ್ತೇನೆ. ಇಲ್ಲಿರುವಷ್ಟು ದಿನವೂ ಆ ರೋಗಿ ಅವರ ಪಾಲಿಗೆ. ಕಾಯಿಲೆಯ ಜೊತೆಗೆ ಆ ರೋಗಿಯ ಮನೆ, ಒಲೆ, ಹತ್ತುವ ಬಸ್ಸು, ಬೀದಿಯ ಜಗಳ, ಎಲ್ಲವೂ ಅವರದೇ ಜವಾಬ್ದಾರಿ.

ಈ ಸಲದ ಬ್ಯಾಚಿನಲ್ಲಿ ತ್ರಿವೇಣಿ ಬಂದಳು. ಚಳ್ಳಕೆರೆಯ ಎಣ್ಣೆ ಮಿಲ್ಲಿನವರ ಮಗಳು. ಈ ಹುಡುಗಿಗೆ ನಡೆಯುವುದೇ ಗೊತ್ತಿಲ್ಲ, ವಾರ್ಡಿನಿಂದ ಲ್ಯಾಬಿಗೆ, ಲ್ಯಾಬಿನಿಂದ ವಾರ್ಡಿಗೆ ಓಡುತ್ತಲೇ ಇರುತ್ತಾಳೆ. ಮೊದಲ ದಿನ ಬಾಗಿಲಲ್ಲಿ ನನಗೇ ಢಿಕ್ಕಿ ಹೊಡೆದು, 'ಸಾರಿ ಮೇಡಂ' ಎನ್ನಲು ಕೂಡ ನಿಲ್ಲದೆ ಓಡಿದಳು. ಬೈಯಬೇಕೆಂದು ಕರೆಸಿದೆ. ಒಬ್ಬ ಅಜ್ಜಿಗೆ ಉಸಿರು ಕಟ್ಟಿತ್ತಂತೆ, ಅದಕ್ಕೆ ಓಡಿದ್ದಂತೆ. ಬೈಗುಳ ಬಾಯಲ್ಲೇ ಉಳಿಯಿತು. ಅವತ್ತಿನಿಂದ ಅವಳ ಮೇಲೆ ನನಗೊಂದು ಅಕ್ಕರೆ, ಅವಳಿಗೆ ಮಾತ್ರ ಅದು ಗೊತ್ತಾಗದಂತೆ ನೋಡಿಕೊಂಡೆ.

ಅವಳ ಪಾಲಿಗೆ ನಾನು ಒಪ್ಪಿಸಿದ್ದು ರಂಗಕ್ಕನನ್ನು. ರಂಗಕ್ಕ ಮೊಳಕಾಲ್ಮೂರು ತಾಲ್ಲೂಕಿನ ಬಿ.ಜಿ. ಕೆರೆಯವಳು. ಮಗ ಸೊಸೆ ಕುರಿಮಂದೆಯ ಹಿಂದೆ ಊರೂರು ತಿರುಗುವವರು. ಇವಳು ಊರಿನಲ್ಲೇ ಇದ್ದು ಮರಿಗಳನ್ನೂ ಈಯಲು ತಯಾರಾದ ಕುರಿಗಳನ್ನೂ ನೋಡಿಕೊಳ್ಳುತ್ತಾಳೆ. ಬಲಗಾಲಿನ ಹೆಬ್ಬೆರಳಿಗೆ ಜಾಲಿಮುಳ್ಳು ಚುಚ್ಚಿದ್ದು ಹುಣ್ಣಾಗಿ ಮಾಯದೆ ಬಂದಿದ್ದಳು. ನೋಡಿದರೆ ಸಕ್ಕರೆ ಕಾಯಿಲೆ ಮೈತುಂಬ ಹರಡಿ ಕುಳಿತಿತ್ತು. ನಮ್ಮ ಸರ್ಜನ್ ಓಂಕಾರಮೂರ್ತಿ ಬೆರಳನ್ನು ಆಚೆ ಈಚೆ ತಿರುಗಿಸಿ ನೋಡಿ, "ಸಕ್ಕರೆ ಇಳಿದ್ರೆ ಬೆರಳು ಉಳಿಯುತ್ತೆ. ಇಳೀಲಿಲ್ಲ ಅಂದ್ರೆ ನಾನು ತೆಗೀಬೇಕಾಗುತ್ತೆ" ಎಂದಿದ್ದರು. ದಿನಕ್ಕೆರಡು ಸಲ ಇನ್ಸುಲಿನ್ ಎಂದು ತೀರ್ಮಾನವಾಯಿತು.

ರಂಗಕ್ಕನ ಒಂದು ಸ್ವಭಾವ ಮೊದಲ ದಿನವೇ ನನ್ನ ಕಣ್ಣಿಗೆ ಬಿತ್ತು. ಎಷ್ಟು ಹೇಳಿದರೂ ಡಾಕ್ಟರ ಮೇಜಿನ ಪಕ್ಕದ ಸ್ಟೂಲಿನ ಮೇಲೆ ಕೂರುತ್ತಿರಲಿಲ್ಲ. "ಇರ್ಲಿ ಬಿಡವ್ವ, ನಿಂತ್ಕಂಡೇ ಹೇಳ್ತೀನಿ" ಎಂದು ಆ ಹುಣ್ಣಿನ ಕಾಲಲ್ಲೇ ಗೋಡೆಗೊರಗಿ ನಿಲ್ಲುತ್ತಿದ್ದಳು. ತ್ರಿವೇಣಿ ಅವಳ ಎದುರು ಮಂಡಿಯೂರಿ ಬೆರಳು ನೋಡುತ್ತಿದ್ದಳು. ಸೂಜಿ ಚುಚ್ಚಿಕೊಳ್ಳುವುದನ್ನು ಕಲಿಸಿದ್ದೂ ಅವಳೇ. ರಂಗಕ್ಕ ಎರಡೇ ದಿನದಲ್ಲಿ ಕಲಿತುಬಿಟ್ಟಳು. ಹೊಟ್ಟೆಯ ಚರ್ಮ ಹಿಡಿದು ಚಕ್ಕನೆ ಚುಚ್ಚಿಕೊಂಡು, "ಕುರಿಗೆ ಚುಚ್ಚೋಕಿಂತ ಸುಲಭ ಐತೆ, ಒದೆಯಂಗಿಲ್ಲ" ಎಂದು ವಾರ್ಡನ್ನೆಲ್ಲ ನಗಿಸಿದಳು. ಚುಚ್ಚಿಕೊಂಡ ಮೇಲೆ ತಡಮಾಡದೆ ಊಟ ಮಾಡಬೇಕು ಎನ್ನುವುದನ್ನು ತ್ರಿವೇಣಿ ಅವಳ ಬಾಯಲ್ಲೇ ಮತ್ತೆ ಮತ್ತೆ ಹೇಳಿಸಿದಳು.

ಮನೆಗೆ ಕಳಿಸುವ ದಿನ ನಾನು ಬಾಯಿ ತೆರೆಯುವ ಮುಂಚೆಯೇ ತ್ರಿವೇಣಿ ಶುರುಮಾಡಿದಳು.

"ಮೇಡಂ, ಇವರದು ಶೀಟಿನ ಮನೆ. ಫ್ರಿಜ್ ಇಲ್ಲ. ಈ ಬಿಸಿಲಿಗೆ ಇನ್ಸುಲಿನ್ ಕೆಟ್ಟೇ ಹೋಗುತ್ತೆ. ಅದಕ್ಕೆ ನಮ್ಮ ದೊಡ್ಡಮ್ಮನ ಮನೆಯಲ್ಲಿ ಇಡಿಸ್ತೀನಿ. ಗಂಗಾಂಬಿಕಾ ಅಂತ, ಬಿ.ಜಿ. ಕೆರೆಯಲ್ಲೇ ಇರೋದು. ರಜಕ್ಕೆ ಹೋದಾಗಲೆಲ್ಲ ನಾನು ಅಲ್ಲೇ ಇರ್ತಿದ್ದೆ, ರಂಗಕ್ಕನ್ನ ಆಗಿಂದಾನೇ ನೋಡಿದೀನಿ. ಶೇಂಗಾ ಸುಗ್ಗಿಯಲ್ಲಿ ನಮ್ಮ ಕಣಕ್ಕೆ ಕೂಲಿಗೆ ಬರ್ತಿದ್ರು. ದೊಡ್ಡಮ್ಮನ ಮನಸ್ಸು ಚಿನ್ನ ಮೇಡಂ. ಫೋನ್ ಮಾಡಿ ಕೇಳಿದೆ, ಅದಕ್ಕೇನಂತೆ, ತಂದಿಡಲಿ ಅಂದ್ರು."

ಕೇಳದೆಯೇ ಉತ್ತರ ಹೇಳಿದ ಮೊದಲ ಶಿಷ್ಯೆ. ನನಗೆ ಕುಣಿಯುವಷ್ಟು ಖುಷಿಯಾಯಿತು, ಮುಖ ಮಾತ್ರ ಗಂಟಿಕ್ಕಿಕೊಂಡೇ "ಹ್ಞೂಂ, ಸರಿ" ಎಂದೆ. ನಾಲ್ಕು ದಿನ ಕಳೆದ ಮೇಲೆ ಅವಳ ಫೋನಿಗೆ ಒಂದು ಫೋಟೋ ಬಂತು. ದೊಡ್ಡಮ್ಮನ ಫ್ರಿಜ್ಜು, ಅದರಲ್ಲಿ ದೋಸೆಹಿಟ್ಟಿನ ಪಾತ್ರೆಗೂ ದೇವರ ಹೂವಿಗೂ ನಡುವೆ ಒಂದು ಸ್ಟೀಲ್ ಡಬ್ಬಿ, ಡಬ್ಬಿಯ ಮೇಲೆ 'ರಂಗಕ್ಕ' ಎಂದು ಅಂಟಿಸಿದ ಚೀಟಿ. ತ್ರಿವೇಣಿ ಅದನ್ನು ನರ್ಸುಗಳಿಗೆ ತೋರಿಸಿದಳು, ಔಷಧಿ ಕೊಡುವವರಿಗೆ ತೋರಿಸಿದಳು, ಡ್ರೆಸಿಂಗ್ ಮಾಡಿಸಿಕೊಳ್ಳಲು ಬಂದ ರಂಗಕ್ಕನಿಗೇ ತೋರಿಸಿದಳು. ವಾರದ ಕ್ಲಾಸಿನಲ್ಲಿ ಗೋಡೆಯ ಮೇಲೆ ದೊಡ್ಡದಾಗಿ ಮೂಡಿಸಿ, ರೋಗಿಯ ಕಷ್ಟವನ್ನು ಊರಿನೊಳಗೇ ಬಗೆಹರಿಸುವುದು ಹೇಗೆ ಎಂದು ಪಾಠ ಮಾಡಿದಳು. ಮಕ್ಕಳು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಆದರೆ ಬೆರಳು ಮಾತ್ರ ಮಾಯಲಿಲ್ಲ. ವಾರ ವಾರ ರಂಗಕ್ಕ ಬಸ್ಸು ಹತ್ತಿ ಬರುತ್ತಿದ್ದಳು, ಗೋಡೆಗೊರಗಿ ನಿಲ್ಲುತ್ತಿದ್ದಳು. ರಕ್ತ ಪರೀಕ್ಷೆ ಮಾಡಿದರೆ ಸಕ್ಕರೆ ಇದ್ದಲ್ಲೇ ಇರುತ್ತಿತ್ತು. "ಇಂಜೆಕ್ಷನ್ ತಗೊಳ್ತಿದ್ದೀರಾ ರಂಗಕ್ಕ?" ಎಂದು ತ್ರಿವೇಣಿ ಕೇಳಿದರೆ "ಹ್ಞೂಂ ಕಣವ್ವ" ಎನ್ನುತ್ತಿದ್ದಳು. "ಬೆಲ್ಲ ಗಿಲ್ಲ ತಿಂತಿದ್ದೀರಾ?" ಎಂದರೆ "ಇರಬೌದವ್ವ" ಎಂದು ನಗುತ್ತಿದ್ದಳು. ಒಂದು ದಿನ ತ್ರಿವೇಣಿಗೆ ತಡೆಯಲಾಗದೆ ದನಿ ಏರಿತು.

"ಇರಬೌದು ಅಂದ್ರೆ ಏನು ರಂಗಕ್ಕ? ನಾನು ಇಷ್ಟೆಲ್ಲಾ ಮಾಡಿ, ನೀವು ಹಿಂಗ್ ಮಾಡಿದ್ರೆ?"

ರಂಗಕ್ಕ ತಲೆ ತಗ್ಗಿಸಿದಳು. ಅವತ್ತೇ ಓಂಕಾರಮೂರ್ತಿ ಬೆರಳು ನೋಡಿ, ತುದಿ ಕಪ್ಪಗಾಗುತ್ತಿದೆ, ಬರುವ ಮಂಗಳವಾರ ಸೇರಿಸಿಬಿಡಿ, ಆಪರೇಷನ್ ಮಾಡುತ್ತೇನೆ ಎಂದರು. ರಂಗಕ್ಕ ತಲೆಯಾಡಿಸಿ ಬಸ್ಸಿಗೆ ಹೊರಟಳು.

ತ್ರಿವೇಣಿ ನನ್ನ ಕೋಣೆಗೆ ಓಡಿ ಬಂದಳು. "ಮೇಡಂ, ಡೋಸ್ ಏರಿಸೋಣ. ಇವತ್ತಿಂದಾನೇ. ಬೆರಳು ಹೋದ್ರೆ..." ಎಂದಳು. ಕಣ್ಣು ತುಂಬಿತ್ತು.

"ಏರಿಸಬಹುದು" ಎಂದೆ. "ಈಗ ಕೊಟ್ಟಿರೋದು ಮೈಗೆ ಹೋಗ್ತಿದೆ ಅಂತ ನಿನಗೆ ಗ್ಯಾರಂಟಿ ಇದೆಯಾ?"

"ದೊಡ್ಡಮ್ಮನ ಮನೆಯಲ್ಲೇ ಇದೆಯಲ್ಲ ಮೇಡಂ."

"ಫ್ರಿಜ್ಜಿಗೆ ಹೋಗಿದೆ ಅನ್ನೋದು ನನಗೂ ಗೊತ್ತಮ್ಮ. ಹೋಗ್ದೇ ಇರೋ ಔಷಧಿನ ಏರಿಸಿಬಿಟ್ಟು, ಒಂದಿನ ಆಯಮ್ಮ ಅಷ್ಟನ್ನೂ ಚುಚ್ಚಿಕೊಂಡ್ರೆ ಅಲ್ಲೇ ಬಿದ್ದುಹೋಗ್ತಾಳೆ. ಡೋಸ್ ಏರಿಸೋ ಮುಂಚೆ ಮನೆ ನೋಡು. ಭಾನುವಾರ ನಾನೂ ಬರ್ತೀನಿ."

ಭಾನುವಾರ ಬೆಳಿಗ್ಗೆ ನನ್ನ ಹಳೇ ಕಾರಿನಲ್ಲಿ ಇಬ್ಬರೂ ಬಿ.ಜಿ. ಕೆರೆಗೆ ಹೋದೆವು. ಗಂಗಾಂಬಿಕಾ, ತ್ರಿವೇಣಿ ಹೇಳಿದ ಹಾಗೇ ಇದ್ದರು. ಕಾರಿನ ಬಾಗಿಲು ತೆರೆಯುವ ಮೊದಲೇ "ಬರ್ರಿ ಡಾಕ್ಟ್ರೇ, ಒಳಗೆ ಬರ್ರಿ, ಇವಳು ಫೋನಿನಾಗೆ ನಿಮ್ಮದೇ ಹೇಳ್ತಾಳೆ" ಎಂದು ಕೈಹಿಡಿದು ಕರೆದೊಯ್ದರು. ಕುಳಿತು ಉಸಿರು ಬಿಡುವಷ್ಟರಲ್ಲಿ ಒಗ್ಗರಣೆ ಮಂಡಕ್ಕಿ ಎದುರಿಗಿತ್ತು. ನಾನು ತಟ್ಟೆ ಪಕ್ಕಕ್ಕಿಟ್ಟು, ಮೊದಲು ಫ್ರಿಜ್ ತೋರಿಸಿ ಎಂದೆ. ಅವರು ನಗುತ್ತಲೇ ತೆರೆದು ತೋರಿಸಿದರು. ದೋಸೆಹಿಟ್ಟು, ದೇವರ ಹೂವು, ನಡುವೆ ಸ್ಟೀಲ್ ಡಬ್ಬಿ. ತ್ರಿವೇಣಿ ಡಬ್ಬಿ ತೆಗೆದು ಸೀಸೆಯನ್ನು ಬೆಳಕಿಗೆ ಹಿಡಿದಳು. ಇಷ್ಟು ಹೊತ್ತಿಗೆ ಖಾಲಿಯಾಗಿ ಇನ್ನೊಂದು ಬರಬೇಕಿದ್ದ ಸೀಸೆ ಅರ್ಧಕ್ಕಿಂತ ಮೇಲಿತ್ತು.

"ದೊಡ್ಡಮ್ಮ, ರಂಗಕ್ಕ ದಿನಾ ಬರಲ್ವಾ?"

"ಮೊದ್ಲು ದಿನಾ ಎರಡು ಹೊತ್ತೂ ಬರೋಳು. ಈಗ ಯಾವಾಗಲೋ ಒಂದೊಂದಿನ ಬರ್ತಾಳೆ. ನೀನೇ ಕಡಿಮೆ ಮಾಡಿದ್ದೀಯೇನೋ ಅನ್ಕಂಡೆ ಕಣೆ."

ತ್ರಿವೇಣಿ ಬೆಪ್ಪಾಗಿ ನನ್ನನ್ನು ನೋಡಿದಳು. ಅಷ್ಟರಲ್ಲಿ ಹಿತ್ತಲ ಕಡೆ "ಅಮ್ಮಾರೇ" ಎಂಬ ಕೂಗು ಕೇಳಿತು. ಆಸ್ಪತ್ರೆಗೆ ಸೇರುವ ದಿನ ಹತ್ತಿರ ಬಂತೆಂದೋ ಏನೋ, ಅವತ್ತು ರಂಗಕ್ಕ ಬಂದಿದ್ದಳು. ಅಡುಗೆಮನೆಯ ಕಿಟಕಿಯಿಂದ ಹಿತ್ತಲು ಕಾಣುತ್ತಿತ್ತು. ನಾನು ತ್ರಿವೇಣಿಯ ಕೈಹಿಡಿದು ಅಲ್ಲೇ ನಿಲ್ಲಿಸಿಕೊಂಡೆ.

ಗಂಗಾಂಬಿಕಾ ಡಬ್ಬಿ ಕೊಟ್ಟರು. ರಂಗಕ್ಕ ಮೆಟ್ಟಿಲ ಮೇಲೆ ಕುಕ್ಕರಗಾಲಲ್ಲಿ ಕುಳಿತು, ಸರಿಯಾಗಿ ಔಷಧಿ ಎಳೆದು, ಕಲಿಸಿದ ಹಾಗೇ ಚುಚ್ಚಿಕೊಂಡಳು. ಡಬ್ಬಿಯನ್ನು ಸೆರಗಿನಿಂದ ಒರೆಸಿ ವಾಪಸು ಕೊಟ್ಟಳು. ಆಮೇಲೆ ಕೊಟ್ಟಿಗೆಯ ಮೂಲೆಗೆ ಹೋಗಿ, ಇಟ್ಟ ಜಾಗ ಗೊತ್ತಿದ್ದವಳ ಹಾಗೆ ಪೊರಕೆ ತೆಗೆದುಕೊಂಡು ಹಿತ್ತಲ ಅಂಗಳ ಗುಡಿಸಲು ಶುರುಮಾಡಿದಳು. ಬ್ಯಾಂಡೇಜಿನ ಕಾಲು ಧೂಳಿನಲ್ಲಿ ಎಳೆಯುತ್ತಿತ್ತು.

ತ್ರಿವೇಣಿ ನನ್ನ ಕೈ ಕೊಸರಿಕೊಂಡು ಬರಿಗಾಲಲ್ಲೇ ಓಡಿದಳು.

"ರಂಗಕ್ಕ! ಊಟ! ಚುಚ್ಕೊಂಡ ಮೇಲೆ ಏನು ಮಾಡ್ಬೇಕು ಅಂದಿದ್ದೆ?"

ರಂಗಕ್ಕ ಗಾಬರಿಯಾಗಿ ಪೊರಕೆಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು. ಕದ್ದು ಸಿಕ್ಕಿಬಿದ್ದ ಮಗುವಿನ ಹಾಗಿತ್ತು ಅವಳ ಮುಖ. "ಮಾಡ್ತೀನವ್ವ, ಮನೆಗೆ ಹೋಗಿ ಮಾಡ್ತೀನಿ. ಇದೊಂದು ಅಂಗಳ ಆಗ್ಲಿ."

"ದೊಡ್ಡಮ್ಮ! ಇವರ ಕೈಲಿ ಕೆಲಸ ಮಾಡಿಸ್ತಿದ್ದೀಯಾ?"

ಗಂಗಾಂಬಿಕಾರ ಮುಖ ಕೆಂಪಾಯಿತು. "ನಾನೆಲ್ಲಿ ಹೇಳ್ದೆ? ಬ್ಯಾಡ ಅಂದ್ರೂ ಕೇಳಂಗಿಲ್ಲ. ಬೆಳಿಗ್ಗೆ ಬಂದ್ರೆ ಅಂಗಳ, ಸಂಜೆ ಬಂದ್ರೆ ಕೊಟ್ಟಿಗೆ. ನೀನೇ ಕೇಳು ಅವಳ್ನ."

"ಅಮ್ಮಾರು ಒಂದು ಮಾತೂ ಅಂದಿಲ್ಲ ಕಣವ್ವ" ಎಂದಳು ರಂಗಕ್ಕ. "ನಾನೇ ಮಾಡೋದು. ಅವರ ಮನೆಯಾಗೆ ನನ್ ಔಷಧಿ ತಣ್ಣಗೆ ಮಲಗೈತೆ. ದಿನಾ ಬಂದು ಕೈಯೊಡ್ಡಿ ಇಸ್ಕಂಡು, ಹಂಗೇ ತಿರುಗಿ ನೋಡ್ದೆ ಹೋಗಾಕೆ ನಾನೇನು ಕಲ್ಲಾ? ತಿನ್ನಾಕೂ ಕೊಡ್ತಾರೆ ಪಾಪ. ತಿಂದ್ರೆ ಇನ್ನೊಂದು ಕೆಲಸ ಜಾಸ್ತಿ ಆಗ್ತೈತೆ, ಅದ್ಕೇ ತಿನ್ನಂಗಿಲ್ಲ."

ಮಾತು ಮುಗಿಯುವ ಮೊದಲೇ ನಾನು ಬಾಯಿ ಹಾಕಿದೆ. ಔಷಧಿ ಒಳಗೆ ಹೋಗಿತ್ತು, ಹೊಟ್ಟೆ ಖಾಲಿ ಇತ್ತು. "ನಿನ್ನ ಲೆಕ್ಕಾಚಾರ ಆಮೇಲೆ ಹೇಳುವಂತೆ. ಈಗ ಕೂತು ತಿನ್ನು. ಇದು ಊಟ ಅಲ್ಲ, ನಾನು ಬರೆದುಕೊಟ್ಟ ಔಷಧಿ ಅನ್ಕೋ" ಎಂದು ಗದರಿದೆ. ನನ್ನ ಸಿಟ್ಟು ಅಪರೂಪಕ್ಕೆ ಕೆಲಸಕ್ಕೆ ಬಂತು. ಗಂಗಾಂಬಿಕಾ ಮಂಡಕ್ಕಿ ತಟ್ಟೆ ತಂದಿಟ್ಟರು. ರಂಗಕ್ಕ ಮೆಟ್ಟಿಲ ಮೇಲೆ ಕುಳಿತು ತಿಂದಳು. ತ್ರಿವೇಣಿ ಒಳಗಿನಿಂದ ತನ್ನ ತಟ್ಟೆಯನ್ನೂ ತಂದುಕೊಂಡು ಅವಳ ಪಕ್ಕದಲ್ಲೇ ಕುಳಿತಳು, ಆದರೆ ಒಂದು ಕಾಳನ್ನೂ ಬಾಯಿಗಿಡಲಿಲ್ಲ.

ತಿನ್ನುತ್ತಾ ತಿನ್ನುತ್ತಾ ಮಿಕ್ಕದ್ದೂ ಹೊರಗೆ ಬಂತು. ಒಂದು ದಿನ ಹೀಗೇ ಚುಚ್ಚಿಕೊಂಡು, ಅಂಗಳ ಗುಡಿಸಿ ಮನೆಗೆ ಹೋಗುವಾಗ ಹುಣಸೇಮರದ ಹತ್ತಿರ ಕಣ್ಣಿಗೆ ಕತ್ತಲೆ ಬಂದು ಬಿದ್ದಿದ್ದಳಂತೆ. ಯಾರೋ ಮುಖಕ್ಕೆ ನೀರು ತಟ್ಟಿ ಎಬ್ಬಿಸಿದರಂತೆ. ಅಲ್ಲಿಂದ ಹೆದರಿಕೆ. ಗುಡಿಸದೆ ಔಷಧಿ ಇಸಿದುಕೊಳ್ಳಲು ಮನಸ್ಸು ಒಪ್ಪದು, ಔಷಧಿ ಚುಚ್ಚಿಕೊಂಡು ಗುಡಿಸಲು ಮೈ ಒಪ್ಪದು. ಹಾಗಾಗಿ ಬರುವುದನ್ನೇ ಕಡಿಮೆ ಮಾಡಿದ್ದಳು.

"ನಂಗ್ಯಾಕೆ ಹೇಳ್ಲಿಲ್ಲ ರಂಗಕ್ಕ?" ತ್ರಿವೇಣಿ ಕೇಳಿದಳು. "ಬೈದಾಗಲಾದ್ರೂ ಹೇಳ್ಬಾರ್ದಿತ್ತಾ?"

ರಂಗಕ್ಕ ಮಂಡಕ್ಕಿಯ ಕೈಯನ್ನು ತಟ್ಟೆಯಲ್ಲೇ ಇಟ್ಟು ಅವಳನ್ನು ನೋಡಿದಳು.

"ಹೆಂಗ್ ಹೇಳ್ಲವ್ವ? ನೀನು ಫೋನಿನಾಗೆ ಆ ಫೋಟೋ ಹಿಡ್ಕಂಡು ಎಲ್ಲಾರಿಗೂ ತೋರಿಸ್ಕಂಡು ಓಡಾಡ್ತಿದ್ದಲ್ಲ, ನಮ್ ರಂಗಕ್ಕನ ಔಷಧಿ ನಮ್ ದೊಡ್ಡಮ್ಮನ ಮನೆಯಾಗೈತೆ ಅಂತ. ಎಷ್ಟು ಖುಷಿ ಇತ್ತು ನಿನ್ ಮುಖದಾಗೆ. ಅದನ್ನ ನೋಡಿ ಬ್ಯಾಡ ಅನ್ನಾಕೆ ಆಗ್ತೈತಾ? ಒಂದು ಬೆರಳು ತಾನೇ, ಹೋದ್ರೆ ಹೋಗ್ಲಿ ಅನ್ಕಂಡೆ."

ನಾನು ಈ ಕೆಲಸಕ್ಕೆ ಸೇರಿ ತಲೆ ನರೆತಿದೆ. ರೋಗಿಗಳು ಡಾಕ್ಟರಿಗೆ ಕಾಣಿಕೆ ಕೊಡುವುದನ್ನು ಬೇಕಾದಷ್ಟು ನೋಡಿದ್ದೇನೆ. ಕಲಿಯುವ ಹುಡುಗಿಯೊಬ್ಬಳ ಮುಖ ಬಾಡಬಾರದೆಂದು ಕಾಲಿನ ಬೆರಳನ್ನೇ ಕೊಡಲು ಕುಳಿತವಳನ್ನು ನೋಡಿರಲಿಲ್ಲ. ತ್ರಿವೇಣಿ ರಂಗಕ್ಕನ ತೋಳಿಗೆ ಹಣೆಯಿಟ್ಟು ಅತ್ತಳು. ಗಂಗಾಂಬಿಕಾ ಬಾಗಿಲ ಚೌಕಟ್ಟು ಹಿಡಿದು, ಇಲ್ಲದ ಕಸ ಕಣ್ಣಿಗೆ ಬಿದ್ದವರ ಹಾಗೆ ಕಣ್ಣೊರೆಸಿಕೊಂಡರು. ರಂಗಕ್ಕ ಒಬ್ಬಳೇ, ಇವರಿಗೆಲ್ಲ ಏನಾಯಿತು ಎನ್ನುವಂತೆ, ಮಂಡಕ್ಕಿ ತಿಂದು ಮುಗಿಸಿದಳು.

ಅತ್ತು ಮುಗಿದ ಮೇಲೆ ತ್ರಿವೇಣಿ, ತಾನು ಎಲ್ಲಕ್ಕಿಂತ ಮೊದಲು ಕೇಳಬೇಕಿದ್ದ ಮಾತನ್ನು ಕೇಳಿದಳು. "ರಂಗಕ್ಕ, ಹೆಂಗ್ ಮಾಡಿದ್ರೆ ನಿಮಗೆ ಸರಿ ಹೋಗ್ತೈತೆ? ನೀವೇ ಹೇಳಿ."

"ನನ್ ಔಷಧಿ ನನ್ ಮನೆಯಾಗೇ ಇರ್ಲವ್ವ. ತಣ್ಣಗಿರಂಗೆ ಏನಾರ ದಾರಿ ಐತಾ ಹೇಳು. ಮಿಕ್ಕಿದ್ದು ನಾನು ನೋಡ್ಕಂತೀನಿ."

ತ್ರಿವೇಣಿ ನನ್ನ ಕಡೆ ತಿರುಗಿದಳು. ದಾರಿ ಇತ್ತು. ಒಂದು ದೊಡ್ಡ ಮಣ್ಣಿನ ಮಡಕೆ, ಅದರೊಳಗೆ ಒಂದು ಚಿಕ್ಕ ಮಡಕೆ, ನಡುವೆ ಮರಳು. ಮರಳಿಗೆ ದಿನಾ ನೀರು ಚಿಮುಕಿಸಿ, ಸೀಸೆಯನ್ನು ಚಿಕ್ಕ ಮಡಕೆಯಲ್ಲಿಟ್ಟು, ಮೇಲೊಂದು ಒದ್ದೆ ಬಟ್ಟೆ ಮುಚ್ಚಿ ನೆರಳಲ್ಲಿಟ್ಟರೆ ಬಳಸುತ್ತಿರುವ ಸೀಸೆಗೆ ಅಷ್ಟು ತಂಪು ಸಾಕು. ತಿಂಗಳಿಗೊಂದು ಹೊಸ ಸೀಸೆ ನಾವು ಕೊಟ್ಟರಾಯಿತು. ಫ್ರಿಜ್ಜು ಸಿಕ್ಕಿತಲ್ಲ ಎಂದು ನಾನೂ ಮಡಕೆಯ ಯೋಚನೆಯನ್ನೇ ಮಾಡಿರಲಿಲ್ಲ. ಹೇಳಿಕೊಟ್ಟೆ.

"ಮಡಕೆ ನಾನು ಕೊಡ್ತೀನಿ, ಅಟ್ಟದ ಮೇಲೆ ಎಷ್ಟೋ ಅವೆ" ಎಂದು ಗಂಗಾಂಬಿಕಾ ಎದ್ದರು. ತ್ರಿವೇಣಿ ಅವರ ಸೆರಗು ಹಿಡಿದು ಕೂರಿಸಿದಳು. "ಬೇಡ ದೊಡ್ಡಮ್ಮ. ನೀನು ಕೊಟ್ಟರೆ ಇವರು ನಾಳೆ ನಿನ್ನ ಅಟ್ಟಾನೂ ಗುಡಿಸ್ತಾರೆ." ರಂಗಕ್ಕ ಹಲ್ಲು ಕಾಣುವ ಹಾಗೆ ನಕ್ಕಳು. ತನ್ನ ಮನೆಯಲ್ಲೇ ಮಡಕೆ ಇವೆ, ಹಳ್ಳದಲ್ಲಿ ಬೇಕಾದಷ್ಟು ಮರಳಿದೆ ಎಂದಳು.

ಗಂಗಾಂಬಿಕಾ ಡಬ್ಬಿಯ ಮೇಲಿನ ಚೀಟಿಯನ್ನು ಉಗುರಿನಿಂದ ಕೆರೆದರು. "ಹಂಗಾದ್ರೆ ಇನ್ಮೇಲೆ ನೀನು ಈ ಕಡೆ ಬರಂಗಿಲ್ಲ ಅನ್ನು" ಎಂದರು. ದನಿಯಲ್ಲಿ ಮುನಿಸಿತ್ತು.

"ಬರ್ತೀನಿ ಅಮ್ಮಾರೇ. ಸುಮ್ನೆ ಮಾತಾಡಾಕೆ ಬರ್ತೀನಿ."

ಮಾರನೆಯ ದಿನ ನಾನು ಓಂಕಾರಮೂರ್ತಿಯ ಕೋಣೆಗೆ ಹೋಗಿ, ನಿಮ್ಮ ಕತ್ತರಿ ಎರಡು ವಾರ ಉಪವಾಸ ಇರಲಿ ಎಂದೆ. ಅವರು ಮಂಗಳವಾರ ಕಾಲು ನೋಡಿ, ರಕ್ತ ಓಡಾಡುತ್ತಿದೆಯೇ ಎಂದು ಪರೀಕ್ಷೆ ಮಾಡಿ, ಕಪ್ಪು ಮೇಲೇರಿದರೆ ಒಂದು ದಿನವೂ ಕಾಯುವುದಿಲ್ಲ ಎಂದು ಹೇಳಿ ಒಪ್ಪಿದರು. ಡೋಸನ್ನು ನಾವು ಏರಿಸಲಿಲ್ಲ, ಬರೆದಷ್ಟನ್ನೇ ಉಳಿಸಿಕೊಂಡೆವು. ತ್ರಿವೇಣಿ ಒಂದು ದಿನ ಬಿಟ್ಟು ಒಂದು ದಿನ ಬಸ್ಸಿನಲ್ಲಿ ಬಿ.ಜಿ. ಕೆರೆಗೆ ಹೋಗಿ ಡ್ರೆಸಿಂಗ್ ಮಾಡಿ, ಮಡಕೆಯೊಳಗೆ ಕೈಯಿಟ್ಟು ನೋಡಿ ಬರುತ್ತಿದ್ದಳು. ಮೊದಲ ವಾರ ಅವಳು ಸರಿಯಾಗಿ ಊಟ ಮಾಡಲಿಲ್ಲ. ನನ್ನ ಪ್ರಶ್ನೆಗಳಿಗೆಲ್ಲ 'ಗೊತ್ತಿಲ್ಲ ಮೇಡಂ' ಎನ್ನುತ್ತಿದ್ದಳು. ಎರಡನೆಯ ವಾರ ಸಕ್ಕರೆ ಇಳಿಯತೊಡಗಿತು. ಕಪ್ಪು ತುದಿಯ ಚರ್ಮ ಉದುರಿ ಕೆಳಗೆ ಗುಲಾಬಿ ಬಣ್ಣ ಕಂಡ ದಿನ ಓಂಕಾರಮೂರ್ತಿ, "ನಿಮ್ಮ ಶಿಷ್ಯೆ ನನ್ನ ಹೊಟ್ಟೆ ಮೇಲೆ ಹೊಡೆದಳು" ಎಂದು ನಗುತ್ತಾ ಹೋದರು.

ಕೊನೆಯ ವಾರದ ಕ್ಲಾಸಿನಲ್ಲಿ ತ್ರಿವೇಣಿ ಮತ್ತೆ ಅದೇ ಫ್ರಿಜ್ಜಿನ ಫೋಟೋ ಗೋಡೆಯ ಮೇಲೆ ಮೂಡಿಸಿದಳು. ಚಪ್ಪಾಳೆ ತಟ್ಟಿದ್ದ ಅದೇ ಗೆಳೆಯರ ಎದುರು, ಈ ಡಬ್ಬಿಯ ಬಾಡಿಗೆಯನ್ನು ರಂಗಕ್ಕ ಪೊರಕೆ ಹಿಡಿದು ಕಟ್ಟುತ್ತಿದ್ದಳು, ಅದು ನನ್ನದೇ ಮನೆಯಾದ್ದರಿಂದ ನನಗೆ ಕಾಣಿಸಲಿಲ್ಲ ಎಂದಳು. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. ಎಲ್ಲರೂ ತಮ್ಮ ತಮ್ಮ ರೋಗಿಗಳನ್ನು ನೆನೆಸಿಕೊಳ್ಳುತ್ತಿದ್ದರು, ಮುಖ ನೋಡಿದರೆ ಗೊತ್ತಾಗುತ್ತಿತ್ತು. ನನಗೆ ಬೇಕಾಗಿದ್ದೂ ಅದೇ.

ಅವಳ ಡ್ಯೂಟಿ ಮುಗಿಯುವ ದಿನ ರಂಗಕ್ಕ ಬಂದಳು. ಕೈಯಲ್ಲೊಂದು ಸ್ಟೀಲ್ ಡಬ್ಬಿ. ತ್ರಿವೇಣಿಯ ಮೇಜಿನ ಮೇಲಿಟ್ಟು ಮುಚ್ಚಳ ತೆಗೆದಳು. ಮನೆಯ ಕುರಿ ಈದಿತ್ತಂತೆ. ಏಲಕ್ಕಿ ಹಾಕಿದ ಗಿಣ್ಣು ಕೋಣೆಯೆಲ್ಲ ಘಮ್ಮೆಂದಿತು.

"ಬೆಲ್ಲ ಹಾಕೀನವ್ವ, ನಿನಗೆ ಅಂತ. ನಾನು ನಾಲಿಗೆಗೂ ಮುಟ್ಟಿಸಿಲ್ಲ, ಆಣೆಗೂ. ರುಚಿ ಹೆಂಗಾಗೈತೋ ನೀನೇ ಹೇಳ್ಬೇಕು."

ತ್ರಿವೇಣಿ ನನ್ನ ಕಡೆ ನೋಡಿದಳು. ಬ್ಯಾಚಿನವರೆಲ್ಲ ನನ್ನ ಕಡೆ ನೋಡಿದರು. ನಾನು ಕಿಟಕಿಯಾಚೆಯ ಬೇವಿನ ಮರವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದೆ. ಹಿಂದೆ ಚಮಚದ ಸದ್ದಾಯಿತು. ಅವಳು ಒಂದು ತುಂಡು ತಿಂದಳು, ಇನ್ನೊಂದು ತಿಂದಳು. "ರಂಗಕ್ಕ, ಭಾಳ ಚೆನ್ನಾಗೈತೆ" ಎಂದಳು. ಬಾಯಿ ತುಂಬಿದ್ದರಿಂದ ಮಾತು ಅರ್ಧ ಕೇಳಿತು.

ರಂಗಕ್ಕ ಅವಳು ತಿನ್ನುವುದನ್ನೇ ನೋಡುತ್ತಾ ಗೋಡೆಯ ಪಕ್ಕ ನಿಂತಿದ್ದಳು. ಡಬ್ಬಿ ಅರ್ಧವಾಗುವವರೆಗೂ ನಿಂತಿದ್ದಳು. ಆಮೇಲೆ ಯಾರೂ ಹೇಳದೆಯೇ ಮೇಜಿನ ಪಕ್ಕದ ಸ್ಟೂಲನ್ನು ಕೈಯಿಂದ ಎಳೆದುಕೊಂಡು, ಸೀರೆ ಸರಿಮಾಡಿಕೊಂಡು, ಅದರ ಮೇಲೆ ಆರಾಮಾಗಿ ಕುಳಿತು ಬಲಗಾಲನ್ನು ಮುಂದಕ್ಕೆ ಚಾಚಿದಳು.

"ತಗಾ, ನೋಡು ನಿನ್ ಬೆರಳ್ನ" ಎಂದಳು.